ನಂದಿಯ ನೀರು ಕೊರೆದ ಕೋಟೆ

ಹೈದರಾಬಾದ್ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರ ದಾಟುವಾಗ ಎಡಕ್ಕೆ ನಂದಿಬೆಟ್ಟದ ಸಾಲು ಕಾಣುತ್ತದೆ. ಆ ಸಾಲಿನ ಚೆನ್ನಕೇಶವ ಬೆಟ್ಟದಲ್ಲಿ ಹುಟ್ಟುವ ಉತ್ತರ ಪಿನಾಕಿನಿಯನ್ನು ತುಂಬಿ ಹರಿಯುವ ನದಿಯಾಗಿ ಕಂಡವರು ನಮ್ಮಲ್ಲಿ ಕಡಿಮೆ. ಗೌರಿಬಿದನೂರಿನ ಬಳಿ ಸೇತುವೆ ಮೇಲೆ ನಿಂತು ಇಣುಕಿದರೆ ವರ್ಷದ ಬಹುಪಾಲು ದಿನ ಕಾಣುವುದು ಮರಳು, ಜಾಲಿಗಿಡ, ದನಗಳ ಕಾಲುದಾರಿ. ಅದೇ ಹೊಳೆ ಹಿಂದೂಪುರದ ಕಡೆ ಆಂಧ್ರಕ್ಕಿಳಿಯುತ್ತದೆ. ಪಾವಗಡದ ಸೀಮೆಯಲ್ಲಿ ಮತ್ತೊಮ್ಮೆ ಕರ್ನಾಟಕಕ್ಕೆ ಹಣಿಕಿ, ಅನಂತಪುರದ ಬಯಲನ್ನು ಹಾದು, ಕಡಪ ಜಿಲ್ಲೆ ಸೇರುವ ಹೊತ್ತಿಗೆ ಪೆನ್ನಾ ಆಗಿರುತ್ತದೆ. ಬಾಗೇಪಲ್ಲಿಯ ಪಕ್ಕದಲ್ಲೇ ಹರಿದುಹೋಗುವ ಚಿತ್ರಾವತಿಯೂ ಅಲ್ಲಿ ಬಂದು ಕೂಡಿಕೊಳ್ಳುತ್ತದೆ. ಅದೂ ಚಿಕ್ಕಬಳ್ಳಾಪುರ ಸೀಮೆಯದೇ. ಎರಡು ಹೊಳೆಗಳ ನೀರು ಒಂದಾದ ಮೇಲೆ ಎದುರಾಗುವುದು ಎರ್ರಮಲ ಬೆಟ್ಟಗಳು. ನೀರು ಬೆಟ್ಟವನ್ನು ಬಳಸಿ ಹೋಗಲಿಲ್ಲ. ನಡುವೆಯೇ ಕೊರೆದುಕೊಂಡು ಹೋಯಿತು. ಹಾಗೆ ಕೊರೆದ ಕಮರಿಯ ತುದಿಯಲ್ಲಿ ಕಟ್ಟಿದ ಕೋಟೆಯೇ ಗಂಡಿಕೋಟೆ.

ಬೆಂಗಳೂರಿನಿಂದ ಸುಮಾರು 280 ಕಿಲೋಮೀಟರ್. ಶುಕ್ರವಾರ ರಾತ್ರಿ ಹೊರಟು ಬೆಳಗಿನ ಜಾವ ತಲುಪಿ, ಸೂರ್ಯೋದಯದ ಫೋಟೊ ತೆಗೆದು, ಟೆಂಟಿನಲ್ಲೊಂದು ರಾತ್ರಿ ಕಳೆದು ಬರುವ ಜಾಗ ಎಂದೇ ಇದು ನಮ್ಮ ಹುಡುಗರಲ್ಲಿ ಹೆಸರಾಗಿದೆ. ‘ಭಾರತದ ಗ್ರ್ಯಾಂಡ್ ಕ್ಯಾನಿಯನ್’ ಎಂಬ ಬಿರುದನ್ನೂ ಯಾರೋ ಅಂಟಿಸಿದ್ದಾರೆ. ಆ ಬಿರುದು ನನಗೆ ಒಪ್ಪಿಗೆಯಿಲ್ಲ. ಗಾತ್ರದಲ್ಲಿ ಅಮೆರಿಕದ ಕಮರಿಯ ಮುಂದೆ ಇದು ತೀರಾ ಚಿಕ್ಕದು. ಆದರೆ ಗಂಡಿಕೋಟೆಯ ವಿಶೇಷ ಗಾತ್ರದಲ್ಲಿಲ್ಲ. ಇಲ್ಲಿ ಕಮರಿಯನ್ನೂ ಕೋಟೆಯನ್ನೂ ಬೇರೆ ಬೇರೆಯಾಗಿ ನೋಡಲು ಬರುವುದಿಲ್ಲ. ಕಮರಿ ಕೋಟೆಯದೇ ಒಂದು ಗೋಡೆ. ತುದಿಯಲ್ಲಿ ನಿಂತು ಫೋಟೊ ತೆಗೆದು ಹಿಂದಿರುಗುವವರು ಅರ್ಧವನ್ನಷ್ಟೇ ನೋಡಿರುತ್ತಾರೆ.

ಜಮ್ಮಲಮಡುಗಿನಿಂದ ಹದಿನೈದು ಕಿಲೋಮೀಟರ್ ದಾರಿ ನಿಧಾನವಾಗಿ ಏರುತ್ತದೆ. ರೈಲಿನಲ್ಲಿ ಬರುವವರು ಗುಂತಕಲ್–ರೇಣಿಗುಂಟ ಮಾರ್ಗದ ಮುದ್ದನೂರಿನಲ್ಲಿ ಇಳಿಯಬಹುದು. ದಾರಿಯುದ್ದಕ್ಕೂ ಎರಡೂ ಬದಿ ಕಲ್ಲಿನ ಕ್ವಾರಿಗಳು, ಚಪ್ಪಡಿ ತುಂಬಿದ ಲಾರಿಗಳು. ನಮ್ಮ ಅಡುಗೆಮನೆಯ ಕಟ್ಟೆಗೆ, ಪಾತ್ರೆ ಜೋಡಿಸುವ ಶೆಲ್ಫಿಗೆ ಹಾಕಿಸುವ ಕಡಪ ಕಲ್ಲು ಬರುವುದು ಜಮ್ಮಲಮಡುಗು, ಎರ್ರಗುಂಟ್ಲದ ಈ ಸುತ್ತಿನಿಂದಲೇ. ಅದು ಸುಣ್ಣಕಲ್ಲಿನ ಜಾತಿ. ಮೇಲೇರುತ್ತ ಹೋದಂತೆ ಆ ಕಪ್ಪು ಕಲ್ಲು ಮರೆಯಾಗಿ ಕೆಂಪು ಕಲ್ಲು ಶುರುವಾಗುತ್ತದೆ. ಗಂಡಿಕೋಟೆಯ ಕಥೆಯೆಲ್ಲ ಈ ಕೆಂಪು ಕಲ್ಲಿನದು.

ಕೋಟೆಗೆ ಸ್ವಲ್ಪ ಮೊದಲೇ ಆಂಧ್ರ ಪ್ರವಾಸೋದ್ಯಮ ನಿಗಮದ ಹರಿತಾ ರೆಸಾರ್ಟ್ ಇದೆ. ಅದರ ಸುತ್ತಮುತ್ತ ಟೆಂಟ್ ಹಾಕಿಕೊಡುವ ಶಿಬಿರಗಳಿವೆ. ತೀರಾ ಸೌಕರ್ಯ ಬಯಸಿ ಬರುವ ಜಾಗವಲ್ಲ ಇದು. ಕೋಣೆ, ಊಟ, ಬಿಸಿನೀರು ಸಿಕ್ಕರೆ ಸಾಕು ಎನ್ನುವವರಿಗೆ ತೊಂದರೆಯಿಲ್ಲ. ಅಕ್ಟೋಬರಿನಿಂದ ಫೆಬ್ರುವರಿವರೆಗೆ ಹವೆ ಹಿತವಾಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಡಪದ ಬಿಸಿಲು ಎಂಥದೆಂದು ರಾಯಲಸೀಮೆಯವರನ್ನೇ ಕೇಳಬೇಕು. ಕಾದ ಬಂಡೆಯ ಮೇಲೆ ಬರಿಗೈ ಊರಲಾಗುವುದಿಲ್ಲ.

ಕಮರಿಯ ತುದಿಗೆ ಹೋಗಲು ಕೋಟೆಯೊಳಗಿನ ಮಸೀದಿ, ಗುಡಿಗಳನ್ನು ದಾಟಿ, ಬಂಡೆಗಳ ರಾಶಿಯನ್ನು ಹತ್ತಿ ಇಳಿಯಬೇಕು. ದಾರಿ ಮುಗಿಯುವುದು ಥಟ್ಟನೆ. ಒಂದು ಬಂಡೆಯ ಮೇಲಿರುತ್ತೀರಿ, ಮುಂದಿನ ಬಂಡೆಯೇ ಇರುವುದಿಲ್ಲ. ಸುಮಾರು ಮುನ್ನೂರು ಅಡಿ ಕೆಳಗೆ ಹಸಿರು ನೀರು ಸದ್ದಿಲ್ಲದೆ ತಿರುವು ತೆಗೆದುಕೊಂಡು ಹೋಗುತ್ತಿರುತ್ತದೆ. ಆಚೆ ದಡದ ಗೋಡೆ ನೇರವಾಗಿ ಎದ್ದು ನಿಂತಿರುತ್ತದೆ. ಆ ಗೋಡೆಯನ್ನು ಗಮನವಿಟ್ಟು ನೋಡಿದರೆ ಅಡ್ಡಡ್ಡ ಪದರಗಳು, ಉದ್ದುದ್ದ ಸೀಳುಗಳು ಕಾಣುತ್ತವೆ. ಉತ್ತರ ಕರ್ನಾಟಕದ ಅಡುಗೆಮನೆಯಲ್ಲಿ ಕಟಕ ರೊಟ್ಟಿ ಪೇರಿಸಿಟ್ಟ ಹಾಗೆ, ಪದರದ ಮೇಲೆ ಪದರ.

ಪ್ರವಾಸಿ ಬರಹಗಳಲ್ಲಿ ಇದನ್ನು ಗ್ರಾನೈಟ್ ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ಇದು ಗ್ರಾನೈಟ್ ಅಲ್ಲ, ಕ್ವಾರ್ಟ್ಜೈಟ್. ಭೂವಿಜ್ಞಾನಿಗಳು ಈ ಶಿಲಾಸ್ತರಕ್ಕೆ ‘ಗಂಡಿಕೋಟ ಕ್ವಾರ್ಟ್ಜೈಟ್’ ಎಂದೇ ಹೆಸರಿಟ್ಟಿದ್ದಾರೆ. ಕಡಪ ಜಲಾನಯನ ಎಂದು ಅವರು ಕರೆಯುವ ಪ್ರಾಚೀನ ತಗ್ಗಿನಲ್ಲಿ, ಒಂದು ಕಾಲದ ಆಳವಿಲ್ಲದ ಕಡಲಿನಲ್ಲಿ, ಮರಳು ಪದರ ಪದರವಾಗಿ ಕೂತು, ಗಟ್ಟಿಯಾಗಿ ಕಲ್ಲಾಯಿತು. ಅದಾದದ್ದು ನೂರು ಕೋಟಿ ವರ್ಷಗಳ ಆಚೀಚೆ. ಆಗ ಭೂಮಿಯ ಮೇಲೆ ಹುಲ್ಲಿರಲಿಲ್ಲ, ಮೀನಿರಲಿಲ್ಲ. ತುದಿಗೆ ಹೋಗುವ ದಾರಿಯಲ್ಲಿ ಕಾಲಕೆಳಗಿನ ಚಪ್ಪಡಿಗಳನ್ನು ನೋಡುತ್ತ ನಡೆಯಿರಿ. ಕೆಲವುಗಳ ಮೇಲೆ ಸಾಲುಸಾಲಾಗಿ ಸಣ್ಣ ಉಬ್ಬುಗಳಿವೆ. ಬೆರಳಾಡಿಸಿದರೆ ಒಂದು ಏರು, ಒಂದು ಇಳಿವು, ಮತ್ತೊಂದು ಏರು. ಮರವಂತೆಯಲ್ಲೋ ಗೋಕರ್ಣದಲ್ಲೋ ಅಲೆ ಹಿಂದೆ ಸರಿದಾಗ ಒದ್ದೆ ಮರಳಿನ ಮೇಲೆ ಬೀಳುವ ಗುರುತೇ ಅದು. ಆ ಕಡಲು ಹೋಗಿ ಯಾವ ಕಾಲವಾಯಿತೋ, ಅದರ ಅಲೆಯ ಗುರುತು ಮಾತ್ರ ಉಳಿದಿದೆ. ಗಂಡಿಕೋಟೆಯಲ್ಲಿ ನನ್ನನ್ನು ಅತಿ ಹೆಚ್ಚು ಹೊತ್ತು ಹಿಡಿದು ಕೂರಿಸಿದ್ದು ಕಮರಿಯ ಆಳವಲ್ಲ, ಅಂಗೈಯಗಲದ ಈ ಅಲೆಗಳು.

ಕ್ವಾರ್ಟ್ಜೈಟ್ ಸವೆಯುವ ಕಲ್ಲಲ್ಲ, ಒಡೆಯುವ ಕಲ್ಲು. ಅದರ ಬಿರುಕುಗಳು ನೇರವಾಗಿರುತ್ತವೆ. ನೀರು ಬುಡವನ್ನು ಕೊರೆದಾಗ ಮೇಲಿನ ಕಲ್ಲು ಆ ಬಿರುಕಿನುದ್ದಕ್ಕೆ ಸೀಳಿ ಕೆಳಗೆ ಬೀಳುತ್ತದೆ. ಇಳಿಜಾರು ಉಳಿಯುವುದಿಲ್ಲ, ಗೋಡೆ ಉಳಿಯುತ್ತದೆ. ಕಮರಿಯ ಪಕ್ಕೆಗಳು ಅಷ್ಟು ನೆಟ್ಟಗಿರುವುದಕ್ಕೆ ಕಾರಣ ಇದು. ಕೋಟೆ ಕಟ್ಟಿದವರಿಗೂ ಈ ಕಲ್ಲಿನ ಗುಣ ಗೊತ್ತಿತ್ತು. ಪದರವಿರುವ ಕಡೆ ಆಪು ಹೊಡೆದರೆ ಚಪ್ಪಟೆ ಮುಖದ ದಿಮ್ಮಿ ಬಿಡಿಸಿಕೊಂಡು ಬರುತ್ತದೆ. ಚಾಣದ ಕೆಲಸ ಅರ್ಧ ಉಳಿಯುತ್ತದೆ. ಕೋಟೆಯ ಗೋಡೆ ಎದ್ದಿರುವುದು ಅದೇ ಕಲ್ಲಿನಲ್ಲಿ.

ಉತ್ತರಕ್ಕೂ ಪಶ್ಚಿಮಕ್ಕೂ ನದಿ ಕಾವಲಿತ್ತು. ಮನುಷ್ಯ ಕಟ್ಟಬೇಕಾದದ್ದು ಮುಖ್ಯವಾಗಿ ನೆಲದ ಕಡೆ. ಆ ಕಡೆ ಅವರು ಯಾವ ಜಿಪುಣತನವನ್ನೂ ತೋರಲಿಲ್ಲ. ಎತ್ತರದ ಗೋಡೆ, ಉದ್ದಕ್ಕೂ ಬುರುಜುಗಳು. ಬುರುಜುಗಳು ನೂರಾ ಒಂದು ಎಂದು ಊರವರು ಹೇಳುತ್ತಾರೆ. ಹೆಬ್ಬಾಗಿಲ ಮರದ ಕದಕ್ಕೆ ಕಬ್ಬಿಣದ ತಗಡು, ತಗಡಿನ ಮೇಲೆ ಆನೆಯ ಹಣೆಗೆ ನಾಟುವಂಥ ಮೊಳೆಗಳು. ಬಾಗಿಲು ದಾಟಿದ ಕೂಡಲೇ ದಾರಿ ತಿರುಗುತ್ತದೆ. ಓಡಿ ನುಗ್ಗುವ ಸೈನ್ಯ ಅಲ್ಲಿ ನಿಧಾನಿಸಲೇಬೇಕು, ನಿಧಾನಿಸಿದಾಗ ಮೇಲಿನಿಂದ ಏನು ಬಿದ್ದೀತು ಎಂದು ಊಹಿಸಿಕೊಳ್ಳಬಹುದು. ಚಿತ್ರದುರ್ಗದ ಬಾಗಿಲುಗಳನ್ನು ನೋಡಿ ಬೆಳೆದವರಿಗೆ ಈ ಜಾಣತನ ಹೊಸದಲ್ಲ.

ಕಮರಿಯ ಕಡೆಯ ರಕ್ಷಣೆ ಎಷ್ಟು ಗಟ್ಟಿ ಎಂಬುದನ್ನು ತಿಳಿಯಲು ನೀರಿಗಿಳಿಯಬೇಕು. ಇಲ್ಲಿ ಕಯಾಕಿಂಗ್ ಇದೆ. ಲೈಫ್ ಜಾಕೆಟ್ ಬಿಗಿದುಕೊಂಡು, ಕೈಗೊಂದು ಹುಟ್ಟು ಹಿಡಿದು ಗೋಡೆಗಳ ನಡುವೆ ಹೊರಟರೆ ಮೊದಲು ಬದಲಾಗುವುದು ಸದ್ದು. ಹುಟ್ಟಿನಿಂದ ತೊಟ್ಟಿಕ್ಕುವ ನೀರು ಕೂಡ ಎರಡೂ ಗೋಡೆಗೆ ತಾಗಿ ವಾಪಸಾಗುತ್ತದೆ. ಸೀಳುಗಳಲ್ಲಿ ಕೂತ ಪಾರಿವಾಳಗಳು ರೆಕ್ಕೆ ಬಡಿದರೆ ಯಾರೋ ಚಪ್ಪಾಳೆ ಹೊಡೆದರೇ ಎಂದು ತಿರುಗಿ ನೋಡುವಂತಾಗುತ್ತದೆ. ತಲೆಯೆತ್ತಿದರೆ ಆಕಾಶದ ಒಂದು ಪಟ್ಟಿ ಮಾತ್ರ. ಮುತ್ತಿಗೆ ಹಾಕಲು ಬಂದ ಸೈನಿಕ ಇಲ್ಲಿಂದ ಮೇಲೆ ನೋಡಿದ್ದರೆ ಅವನಿಗೆ ಕಾಣುತ್ತಿದ್ದುದೂ ಇದೇ. ಏಣಿ ಸಾಲದು, ಫಿರಂಗಿಯನ್ನು ಊರಲು ಜಾಗವಿಲ್ಲ, ಮೇಲಿನವನು ಒಂದು ಕಲ್ಲು ಉರುಳಿಸಿದರೆ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಹಗ್ಗ ಕಟ್ಟಿ ಬಂಡೆ ಇಳಿಸುವವರೂ ಇದ್ದಾರೆ. ರ‍್ಯಾಪೆಲಿಂಗ್ ಎಂದರೆ ಹೆದರಿಕೆಯನ್ನು ಗೆಲ್ಲುವ ಆಟ ಎಂದು ಕಾರ್ಪೊರೇಟ್ ತಂಡಗಳು ಭಾವಿಸುತ್ತವೆ. ನನ್ನ ಮಟ್ಟಿಗೆ ಅದು ಕಲ್ಲನ್ನು ಹತ್ತಿರದಿಂದ ಓದುವ ಉಪಾಯ. ಹಾರ್ನೆಸ್ ಬಿಗಿದು, ಕ್ಯಾರಬಿನರನ್ನು ಎರಡೆರಡು ಸಲ ಎಳೆದು ನೋಡಿ, ಬೆನ್ನನ್ನು ಕಮರಿಗೆ ಕೊಟ್ಟು ನಿಂತಾಗ ಹಗ್ಗ ಹಿಡಿದಿದ್ದ ಹುಡುಗ ಹೇಳಿದ್ದು ಒಂದೇ ಮಾತು: “ಕೆಳಗೆ ನೋಡ್ಬೇಡಿ ಸಾರ್, ಕಾಲಿನ ಕಡೆ ನೋಡಿ.” ಕಾಲಿನ ಕಡೆ ನೋಡಿದೆ. ಮೂಗಿನ ಮುಂದೆ ಒಂದೊಂದೇ ಪದರ ಮೇಲಕ್ಕೆ ಸರಿಯಿತು. ಒಂದು ಪದರ ಗುಲಾಬಿ, ಅದರ ಕೆಳಗಿನದು ಇಟ್ಟಿಗೆ ಕೆಂಪು, ನಡುವೆ ಬೆರಳು ತೂರುವಷ್ಟು ಸಂದು. ಆ ಸಂದಿನಲ್ಲಿ ಬೇರು ಬಿಟ್ಟ ಒಂದು ಹುಲ್ಲಿನ ಎಳೆ. ಹತ್ತುವವರಿಗೆ ಹಿಡಿತ ಕೊಡುವುದು ಈ ಸಂದುಗಳೇ. ಹಗ್ಗವಿಲ್ಲದೆ, ಕತ್ತಿ ಸಿಕ್ಕಿಸಿಕೊಂಡು, ಕತ್ತಲಲ್ಲಿ ಇದನ್ನು ಹತ್ತುವುದು ಎಂದರೆ ಏನೆಂದು ಆಗ ಮೈಗೇ ತಿಳಿಯುತ್ತದೆ.

ಈ ಕಮರಿಯಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುವುದಕ್ಕೆ ಇತ್ತೀಚಿನ ಕಾರಣವೂ ಇದೆ. ಕೋಟೆಯ ಮೇಲ್ದಂಡೆಗೆ ಗಂಡಿಕೋಟ ಜಲಾಶಯ, ಕೆಳದಂಡೆಗೆ ಮೈಲವರಂ ಅಣೆಕಟ್ಟು. ಗಂಡಿಕೋಟ ಜಲಾಶಯ 26.85 ಟಿಎಂಸಿ ನೀರು ಹಿಡಿಯುವಂಥದು. ಅದನ್ನು ತುಂಬಿಸುವುದು ಬಹುಮಟ್ಟಿಗೆ ಗಾಲೇರು–ನಗರಿ ಕಾಲುವೆಯಲ್ಲಿ ಶ್ರೀಶೈಲದಿಂದ ಬರುವ ಕೃಷ್ಣೆಯ ನೀರು. ಅಂದರೆ ಆಲಮಟ್ಟಿ, ನಾರಾಯಣಪುರ ದಾಟಿ ಬಂದ ನೀರು ಇಲ್ಲಿ ನಂದಿಬೆಟ್ಟದ ನದಿಯ ಪಾತ್ರದಲ್ಲಿ ನಿಂತಿದೆ. ಇದಕ್ಕಾಗಿ ಕೊಂಡಾಪುರ ಮಂಡಲದ ಹಲವು ಊರುಗಳು ಮುಳುಗಿದವು. ಮನೆ, ಗುಡಿ, ಹೊಲ ಬಿಟ್ಟು ಜನ ಹೊಸ ಬಡಾವಣೆಗಳಿಗೆ ಹೋದರು. ಹಸಿರು ನೀರಿನ ಚೆಲುವನ್ನು ಹೊಗಳುವ ನಾವು ಆ ಊರುಗಳನ್ನೂ ನೆನೆಯಬೇಕು.

ಇನ್ನು ಕೋಟೆಯ ಇತಿಹಾಸ. 1123ರಲ್ಲಿ ಬೊಮ್ಮನಪಲ್ಲಿಯ ಕಾಕರಾಜ ಎಂಬ ಚಾಲುಕ್ಯ ಸಾಮಂತ ಇಲ್ಲಿ ಮೊದಲು ಕೋಟೆ ಕಟ್ಟಿದನೆಂದು ಸ್ಥಳೀಯ ಕೈಫಿಯತ್ತಿನ ಪರಂಪರೆ ಹೇಳುತ್ತದೆ. ಆ ವರ್ಷ ಕಲ್ಯಾಣದ ಸಿಂಹಾಸನದಲ್ಲಿದ್ದವನು ಆರನೆಯ ವಿಕ್ರಮಾದಿತ್ಯ. ಬಸವಕಲ್ಯಾಣದ ಆಳ್ವಿಕೆ ಎಲ್ಲಿಯವರೆಗೆ ಹಬ್ಬಿತ್ತು ಎಂಬುದನ್ನು ಪಠ್ಯಪುಸ್ತಕದ ನಕಾಶೆಗಿಂತ ಈ ಬಂಡೆಯ ತುದಿ ಚೆನ್ನಾಗಿ ಹೇಳುತ್ತದೆ. ವಿಜಯನಗರದ ಕಾಲಕ್ಕೆ ಕೋಟೆ ಪೆಮ್ಮಸಾನಿ ನಾಯಕರ ಕೈಗೆ ಬಂತು. ಈಗ ಕಾಣುವ ಗಟ್ಟಿ ರೂಪ ಬಂದದ್ದು ಹೆಚ್ಚಾಗಿ ಅವರಿಂದ. ಆ ಮನೆತನದ ರಾಮಲಿಂಗ ನಾಯಕ ಕೃಷ್ಣದೇವರಾಯನ ದಂಡಿನಲ್ಲಿ ತೋರಿದ ಸಾಹಸವನ್ನು ತೆಲುಗಿನ ‘ರಾಯವಾಚಕಮು’ ಬಣ್ಣಿಸುತ್ತದೆ. ಹಂಪಿ 1565ರಲ್ಲಿ ಬಿದ್ದು ಅರಸರು ಪೆನುಕೊಂಡೆಗೆ ಸರಿದ ಮೇಲೂ ಗಂಡಿಕೋಟೆಯ ನಾಯಕರು ಆ ರಾಜ್ಯದ ಬೆನ್ನಿಗಿದ್ದರು.

ಅವರ ಕಾಲದ ಮಾಧವರಾಯ ದೇವಸ್ಥಾನದ ಗೋಪುರ ಇಂದಿಗೂ ದೂರದಿಂದಲೇ ಕಾಣುತ್ತದೆ. ಒಳಗೆ ಗರ್ಭಗುಡಿ ಖಾಲಿ. ಮಂಟಪದ ಕಂಬಗಳಲ್ಲಿ ಹಂಪಿಯ ಕೈಗೆಲಸ ಗುರುತಿಸಲು ಹೆಚ್ಚು ಹೊತ್ತು ಬೇಡ. ಸ್ವಲ್ಪ ದೂರದಲ್ಲಿ ಅದಕ್ಕಿಂತ ಹಳೆಯ ರಂಗನಾಥ ದೇವಸ್ಥಾನವಿದೆ. ಅದು ಕಮರಿಗೆ ಹತ್ತಿರ. ಸಂಜೆ ಅಲ್ಲಿಗೆ ಹೋಗುವವರು ಕಡಿಮೆ.

1650ರ ಸುಮಾರಿಗೆ ಗೋಲ್ಕೊಂಡದ ಮೀರ್ ಜುಮ್ಲಾ ಕೋಟೆಯನ್ನು ಪೆಮ್ಮಸಾನಿಗಳಿಂದ ಕಿತ್ತುಕೊಂಡ. ಇರಾನಿನಿಂದ ಬಂದು ವಜ್ರದ ವ್ಯಾಪಾರದಲ್ಲಿ ದುಡ್ಡು ಮಾಡಿ, ಕುತುಬಶಾಹಿಯ ವಜೀರನಾಗಿ, ಕೊನೆಗೆ ಔರಂಗಜೇಬನ ಪಾಳಯ ಸೇರಿದವನು ಈತ. 1652ರಲ್ಲಿ ಅವನನ್ನು ಕಾಣಲು ಫ್ರೆಂಚ್ ರತ್ನವ್ಯಾಪಾರಿ ಟಾವರ್ನಿಯೆ ಇಲ್ಲಿಗೆ ಬಂದ. ಬೆಟ್ಟಕ್ಕೆ ಇರುವುದು ಒಂದೇ ಇಕ್ಕಟ್ಟಾದ ದಾರಿ, ಒಂದು ಪಕ್ಕಕ್ಕೆ ಭಯ ಹುಟ್ಟಿಸುವ ಪ್ರಪಾತ, ಮೇಲೆ ಊಟೆಯ ನೀರಿನಲ್ಲಿ ಭತ್ತ ಮತ್ತು ಕಿರುಧಾನ್ಯ ಬೆಳೆಯುವ ಬಯಲು ಎಂದು ಅವನು ಬರೆದಿಟ್ಟ. ಕೋಟೆಯ ಬಲ ಎಲ್ಲಿದೆಯೆಂದು ಆ ವ್ಯಾಪಾರಿಯ ಕಣ್ಣಿಗೆ ಸರಿಯಾಗಿ ಬಿತ್ತು: ಪ್ರಪಾತ ಶತ್ರುವನ್ನು ತಡೆಯುತ್ತದೆ, ಹೊಲ ಒಳಗಿನವರ ಹೊಟ್ಟೆ ತುಂಬಿಸುತ್ತದೆ. ಫಿರಂಗಿ ಎರಕ ಹೊಯ್ಯಲು ಮೀರ್ ಜುಮ್ಲಾ ಮಾಯ್ ಎಂಬ ಫ್ರೆಂಚನನ್ನು ಇಟ್ಟುಕೊಂಡಿದ್ದ. ತಾಮ್ರಕ್ಕಾಗಿ ಸುತ್ತಲ ಗುಡಿಗಳ ವಿಗ್ರಹಗಳನ್ನು ತರಿಸಿದರು. ಗಂಡಿಕೋಟೆಯ ಗುಡಿಯ ಕೆಲವು ವಿಗ್ರಹಗಳು ಮಾತ್ರ ಏನು ಮಾಡಿದರೂ ಕರಗಲಿಲ್ಲ ಎಂದು ಟಾವರ್ನಿಯೆ ದಾಖಲಿಸಿದ್ದಾನೆ. ಖಾಲಿ ಗರ್ಭಗುಡಿಯ ಮುಂದೆ ನಿಂತಾಗ ಈ ಸಂಗತಿ ಗೊತ್ತಿದ್ದರೆ ಆ ಖಾಲಿತನಕ್ಕೆ ಬೇರೆಯೇ ತೂಕ ಬರುತ್ತದೆ.

ಜಾಮಿಯಾ ಮಸೀದಿಯ ಎದುರಿನ ಬಯಲಿನಿಂದ ನೋಡಿದರೆ ಮಿನಾರುಗಳೂ ಮಾಧವರಾಯನ ಗೋಪುರವೂ ಒಂದೇ ನೋಟದಲ್ಲಿ ಸಿಗುತ್ತವೆ. ಮಸೀದಿಯ ಪಕ್ಕದಲ್ಲೇ ಕಣಜವಿದೆ. ಕಮಾನಿನ ಚಾವಣಿಯ, ದಪ್ಪ ಗೋಡೆಯ ದೊಡ್ಡ ಕಟ್ಟಡ. ಹೊರಗೆ ಬಿಸಿಲು ಎಷ್ಟಿದ್ದರೂ ಒಳಗೆ ತಂಪು. ಪ್ರವಾಸಿಗಳು ಇಲ್ಲಿ ಎರಡು ನಿಮಿಷವೂ ನಿಲ್ಲುವುದಿಲ್ಲ. ಮುತ್ತಿಗೆ ತಿಂಗಳುಗಟ್ಟಲೆ ನಡೆಯುತ್ತಿದ್ದ ಕಾಲದಲ್ಲಿ ಕೋಟೆ ಉಳಿಯುತ್ತಿತ್ತೋ ಬೀಳುತ್ತಿತ್ತೋ ಎಂಬುದು ಬುರುಜಿನಷ್ಟೇ ಈ ಕಟ್ಟಡದ ಮೇಲೂ ನಿಂತಿತ್ತು. ರಾಯಲ ಚೆರುವು ಎಂಬ ಕೆರೆ, ಕತ್ತಿ ತೊಳೆದು ಕೆಂಪಾಯಿತೆಂದು ಊರವರು ಕಥೆ ಹೇಳುವ ಕೊಳ, ಸೆರೆಮನೆ, ಪಾರಿವಾಳದ ಗೋಪುರ ಎಲ್ಲವೂ ನಡೆದೇ ನೋಡುವಷ್ಟು ದೂರದಲ್ಲಿವೆ.

ಮುಂದೆ ಕಡಪದ ನವಾಬರು, ಆಮೇಲೆ ಹೈದರಾಲಿ. ಹೈದರ್ ಕೋಟೆಯನ್ನು ಬಲಪಡಿಸಿ ಪಡೆ ಇಟ್ಟ. 1791ರಲ್ಲಿ ಟಿಪ್ಪುವಿನೊಡನೆ ನಡೆದ ಯುದ್ಧದಲ್ಲಿ ಇಂಗ್ಲಿಷರ ಕ್ಯಾಪ್ಟನ್ ಲಿಟಲ್ ಇದನ್ನು ಹಿಡಿದ. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಬಳ್ಳಾರಿಯೂ ಕಡಪವೂ ಒಂದೇ ಕಲೆಕ್ಟರನ, ಥಾಮಸ್ ಮನ್ರೋನ, ಕೈಕೆಳಗೆ ಬಂದವು. ನಮ್ಮ ಬಳ್ಳಾರಿಯ ಕಂದಾಯದ ಕಥೆಯೂ ಇಲ್ಲಿಯದೂ ಆ ವರ್ಷಗಳಲ್ಲಿ ಒಂದೇ ದಫ್ತರದಲ್ಲಿತ್ತು.

ಕೋಟೆಯೊಳಗೆ ಇಂದಿಗೂ ಊರಿದೆ. ಹಳೆಯ ಗೋಡೆಗೆ ಒರಗಿಕೊಂಡ ಮನೆಗಳು, ಎಮ್ಮೆ, ಮೇಕೆ, ಬಣವೆ. ಜಗಲಿಯ ಮೇಲೆ ಕೂತಿದ್ದ ಒಬ್ಬ ಅಜ್ಜಿ ತೆಲುಗಿನಲ್ಲಿ ಊರು ಕೇಳಿದರು. ಬೆಂಗಳೂರು ಎಂದೆ. “ನಮ್ಮ ಹುಡುಗರೂ ಅಲ್ಲೇ ನಾಯನಾ, ಕಟ್ಟಡದ ಕೆಲಸಕ್ಕೆ” ಎಂದರು. ಈ ಊರಿನ ಹುಡುಗರು ನಮ್ಮ ಊರು ಕಟ್ಟಲು ಬರುತ್ತಾರೆ, ನಮ್ಮ ಹುಡುಗರು ಇವರ ಊರು ನೋಡಲು ಹೋಗುತ್ತಾರೆ. ಊಟಕ್ಕೆ ರಾಗಿ ಸಂಗಟಿ, ನಾಟಿಕೋಳಿ ಪುಲುಸು ಕೇಳಿ ಮಾಡಿಸಿಕೊಳ್ಳಬಹುದು. ನಮ್ಮ ಮುದ್ದೆಗೂ ಸಂಗಟಿಗೂ ಇರುವ ವ್ಯತ್ಯಾಸ ಇಷ್ಟೆ: ಸಂಗಟಿಯಲ್ಲಿ ಅನ್ನವೂ ಸೇರಿರುತ್ತದೆ.

2024ರಲ್ಲಿ ಕೇಂದ್ರ ಸರ್ಕಾರ ಗಂಡಿಕೋಟೆಯ ಪ್ರವಾಸೋದ್ಯಮಕ್ಕೆ ಸುಮಾರು 78 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ದೊಡ್ಡ ಹೋಟೆಲುಗಳು ಬರುವ ಮಾತೂ ಇದೆ. ಬರಲಿ. ಆದರೆ ಮೊದಲು ಆಗಬೇಕಾದ ಕೆಲಸಗಳು ಚಿಕ್ಕವು. ಕಮರಿಯ ತುದಿಯಲ್ಲಿ ಸೆಲ್ಫಿಗಾಗಿ ಜೋತಾಡುವವರನ್ನು ತಡೆಯುವ ಕಾವಲು ಬೇಕು. ಅಲೆಯ ಗುರುತಿರುವ ಚಪ್ಪಡಿಗಳ ಮೇಲೆ ಬಣ್ಣದಲ್ಲಿ ಹೆಸರು ಬರೆದು ಹೃದಯ ಬಿಡಿಸುವವರು ನಾಶ ಮಾಡುತ್ತಿರುವುದು ಮತ್ತೆಂದೂ ಆಗದ ಕಲ್ಲನ್ನು. ಆ ಚಪ್ಪಡಿಗಳ ಪಕ್ಕ ಒಂದು ಫಲಕ ನಿಲ್ಲಿಸಿ, ತೆಲುಗಿನ ಜೊತೆ ಕನ್ನಡದಲ್ಲೂ ಇದೇನೆಂದು ಬರೆದರೆ ಖರ್ಚು ಎಷ್ಟಾದೀತು? ಇಲ್ಲಿಗೆ ಬರುವವರಲ್ಲಿ ಕನ್ನಡಿಗರು ಕಡಿಮೆಯಿಲ್ಲ. ಕೋಟೆಯೊಳಗಿನ ಊರಿನ ಹುಡುಗರಿಗೆ ಇತಿಹಾಸವನ್ನೂ ಹಗ್ಗದ ಕೆಲಸವನ್ನೂ ಕಲಿಸಿ ಗೈಡ್ ಮಾಡಿದರೆ ಅವರಲ್ಲಿ ಕೆಲವರಾದರೂ ಬೆಂಗಳೂರಿನ ಸಾರ್ವೆ ಹತ್ತುವುದು ತಪ್ಪುತ್ತದೆ.

ಇನ್ನೊಂದು ದಿನ ಕೈಯಲ್ಲಿದ್ದರೆ ಬೇಲಂ ಗುಹೆಗಳಿಗೆ ಹೋಗಿಬನ್ನಿ. 3,229 ಮೀಟರ್ ಉದ್ದದ ಸುಣ್ಣಕಲ್ಲಿನ ಗುಹೆಯದು, 1884ರಲ್ಲಿ ಅದನ್ನು ಗುರುತಿಸಿದವನು ಬಳ್ಳಾರಿ ಸೀಮೆಯ ಶಿಲಾಯುಗದ ನೆಲೆಗಳನ್ನೂ ಹುಡುಕಿದ ರಾಬರ್ಟ್ ಬ್ರೂಸ್ ಫೂಟ್. ಅಷ್ಟು ಬಿಡುವಿಲ್ಲದಿದ್ದರೆ ನನ್ನ ಆಯ್ಕೆ ತಾಡಪತ್ರಿ. ಹಿಂದಿರುಗುವಾಗ ಅನಂತಪುರದ ದಾರಿ ಹಿಡಿದರೆ ಅದು ಸಿಗುತ್ತದೆ. ಗಂಡಿಕೋಟೆಯಲ್ಲಿ ಬುರುಜು ಎಬ್ಬಿಸಿದ ಪೆಮ್ಮಸಾನಿ ನಾಯಕರೇ ತಾಡಪತ್ರಿಯಲ್ಲಿ ಪೆನ್ನಾದ ದಂಡೆಗೆ ಬುಗ್ಗ ರಾಮಲಿಂಗೇಶ್ವರ ದೇವಸ್ಥಾನವನ್ನೂ, ಊರೊಳಗೆ ಚಿಂತಲ ವೆಂಕಟರಮಣನ ಗುಡಿಯನ್ನೂ ಕಟ್ಟಿಸಿದರು. ಬುಗ್ಗ ರಾಮಲಿಂಗನ ಗೋಪುರಗಳ ಮೇಲ್ಭಾಗ ಏಳಲೇ ಇಲ್ಲ. ಆದರೆ ಬುಡದಿಂದ ತಲೆಯೆತ್ತರದವರೆಗೆ ಉಳಿ ತಾಗದ ಜಾಗವಿಲ್ಲ: ಬಳ್ಳಿ, ಯಾಳಿ, ಹಂಸಗಳ ಸಾಲು. ಮಧ್ಯಾಹ್ನ ದೇವಸ್ಥಾನ ಮುಚ್ಚಿರುತ್ತದೆ, ಆದ್ದರಿಂದ ಗಂಡಿಕೋಟೆಯಿಂದ ಬೆಳಿಗ್ಗೆ ತಿಂಡಿ ಮುಗಿಸಿದ ಕೂಡಲೇ ಹೊರಡುವುದು ಒಳ್ಳೆಯದು.